ಆಳು ಕರೆಯುವುದು, ಆಳು ಇಟ್ಟುಕೊಳ್ಳುವುದು

ಮುಂಗಾರು ಹಿಡಿದ ಮೇಲೆ ನಮ್ಮ ಸೀಮೆಯಲ್ಲಿ ಇಬ್ಬರು ಬೇಸಾಯಗಾರರು ದಾರಿಯಲ್ಲಿ ಎದುರಾದರೆ ಮಳೆಗಿಂತ ಮೊದಲು ವಿಚಾರಿಸುವುದು ಆಳನ್ನು. “ಎಷ್ಟಾಳಾಯ್ತು?” “ಹನ್ನೆರಡಾಳು. ಇನ್ನೊಂದ್ ನಾಕಾಳು ಬೇಕಿತ್ತು ಕಣಣ್ಣ.” ಅಷ್ಟರಲ್ಲೇ ಇಬ್ಬರಿಗೂ ಎಲ್ಲ ತಿಳಿದುಹೋಗುತ್ತದೆ: ಎಷ್ಟು ಗದ್ದೆ ನಾಟಿಯಾಯಿತು, ಎಷ್ಟು ಉಳಿಯಿತು, ಸಂಜೆಗೆ ಎಷ್ಟು ದುಡ್ಡು ಎಣಿಸಬೇಕು. ಎಕರೆ, ಗುಂಟೆ, ಪಲ್ಲ, ಮೂಟೆಗಳ ಜೊತೆಗೆ ಆಳು ಕೂಡ ನಮ್ಮಲ್ಲೊಂದು ಅಳತೆ. ಒಬ್ಬ ಮನುಷ್ಯ ಬೆಳಗಿನಿಂದ ಹೊತ್ತಿಳಿಯುವವರೆಗೆ ಬಗ್ಗಿ ಮಾಡುವ ಕೆಲಸಕ್ಕೆ ಒಂದಾಳು ಎಂದು ಹೆಸರು. ಬಾವಿಯ ಆಳ ಹೇಳುವಾಗಲೂ ಎರಡಾಳುದ್ದ, ಮೂರಾಳುದ್ದ ಅನ್ನುತ್ತೇವೆ. ಮನುಷ್ಯನ ಮೈಯನ್ನೇ ಅಳತೆಗೋಲು ಮಾಡಿಕೊಂಡ ಈ ಎಣಿಕೆ ನನಗೆ ಚಿಕ್ಕಂದಿನಿಂದ ಪ್ರೀತಿಯದು. ಅದೇ ಪದ ಎಣಿಕೆಯಿಂದ ಇಳಿದು ಒಬ್ಬನ ಹೆಗಲ ಮೇಲೆ ಕೂತಾಗ ಮಾತ್ರ ಎದೆ ಭಾರವಾಗುತ್ತದೆ. ಹನ್ನೆರಡಾಳು ಅನ್ನುವುದಕ್ಕೂ ಅವನು ನಮ್ಮ ಮನೆಯಾಳು ಅನ್ನುವುದಕ್ಕೂ ನಡುವೆ ಏನಾಗುತ್ತದೆ ಅನ್ನುವುದನ್ನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ.

ನಮ್ಮ ಸೀಮೆ ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಸರ್ಕಾರದ ಲೆಕ್ಕದಲ್ಲಿ ನಾಲ್ಕೂ ಸೇರಿ ಹುಣಸೂರು ಉಪವಿಭಾಗ. ಸಾಲಿಗ್ರಾಮ, ಸರಗೂರು ಬೇರೆ ತಾಲ್ಲೂಕುಗಳಾದದ್ದು ಈಚೆಗೆ. ನಾಲ್ಕೂ ಕಡೆ ಮಣ್ಣು ಬೇರೆ, ಬೆಳೆ ಬೇರೆ, ಆಳಿನ ಅರ್ಥವೂ ಅಷ್ಟಷ್ಟು ಬೇರೆ. ಹುಣಸೂರು, ಪಿರಿಯಾಪಟ್ಟಣದ್ದು ವರ್ಜೀನಿಯಾ ಹೊಗೆಸೊಪ್ಪಿನ ನೆಲ. ಎಲೆ ಮುರಿಯಲು, ಹೊತ್ತು ತರಲು, ಕಡ್ಡಿಗೆ ಕಟ್ಟಲು, ಬ್ಯಾರನ್ನಿಗೆ ಏರಿಸಲು, ರಾತ್ರಿಯೆಲ್ಲ ನಿದ್ದೆಗೆಟ್ಟು ಉರಿ ನೋಡಲು, ಕಡೆಗೆ ಬಣ್ಣ ನೋಡಿ ಗ್ರೇಡ್ ಮಾಡಲು, ಎಲ್ಲಕ್ಕೂ ಆಳು. ಹರಾಜು ಮಾರುಕಟ್ಟೆಯಲ್ಲಿ ಕಿಲೋಗೆ ಇಷ್ಟು ಎಂದು ಬೆಲೆ ಕೂಗುವ ಹೊತ್ತಿಗೆ ಆ ಒಂದು ಎಲೆ ಎಷ್ಟು ಕೈ ದಾಟಿರುತ್ತದೋ! ಕೆ.ಆರ್. ನಗರದ್ದು ಕಾವೇರಿ ನಾಲೆಗಳ ಬತ್ತದ ಬಯಲು. ಅಲ್ಲಿ ನಾಟಿಯ ನಾಲ್ಕು ವಾರ ಆಳಿಗಾಗಿ ಊರೂರೇ ಪೈಪೋಟಿ. ಎಚ್.ಡಿ. ಕೋಟೆಯಲ್ಲಿ ರಾಗಿ, ಹತ್ತಿ, ಮತ್ತೆ ಕಾಡಿನ ಅಂಚು. ಕೋಟೆ, ಪಿರಿಯಾಪಟ್ಟಣದ ಎಷ್ಟೋ ಹಳ್ಳಿಗಳಿಂದ ಬೆಳಗಿನ ಜಾವಕ್ಕೇ ಜೀಪುಗಳು ಜನರನ್ನು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳ ಕಡೆ ಹೊರಡುತ್ತವೆ. ಅಲ್ಲಿ ಮೇಸ್ತ್ರಿ, ರೈಟರು, ಸಾಹುಕಾರರು, ಲೈನ್ ಮನೆ. ನಾಗರಹೊಳೆಯ ಕಾಡಿನೊಳಗಿಂದ ಹೊರಗೆ ಬಿದ್ದ ಆದಿವಾಸಿ ಕುಟುಂಬಗಳಲ್ಲಿ ಬಹಳಷ್ಟು ಸೇರಿದ್ದು ಆ ಲೈನ್ ಮನೆಗಳನ್ನೇ. ಹಾಗೆ ಸ್ಥಳಾಂತರಗೊಂಡ ಕುಟುಂಬಗಳು 3,418 ಎಂದು ಹೈಕೋರ್ಟು ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಲೆಕ್ಕ ಕೊಟ್ಟಿತು. ಕಾಡಿನಲ್ಲಿ ಯಾರ ಆಳೂ ಅಲ್ಲದಿದ್ದವರು ತೋಟದಲ್ಲಿ ಆಳಾದರು.

ನಾನು ಬೆಳೆದದ್ದು ನಾಲೆ ಬಯಲಿನಲ್ಲಿ. ಅಪ್ಪನ ಹತ್ತಿರ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು. ನಾಟಿಯ ದಿನ ಅದರಲ್ಲಿ ಬರೆಯುತ್ತಿದ್ದದ್ದು ಇಷ್ಟೇ: ‘ಗಂ. ಆಳು 3, ಹೆ. ಆಳು 14.’ ಒಳಗೆ ಅವ್ವ ಮುದ್ದೆ ತೊಳಸುತ್ತ ಹೇಳುತ್ತಿದ್ದ ಲೆಕ್ಕವೇ ಬೇರೆ. ಯಾರಿಗೆ ಹಲ್ಲುನೋವು, ಯಾರು ಬಾಣಂತಿ ಮಗಳನ್ನು ಬಿಟ್ಟು ಬಂದಿದ್ದಾಳೆ, ಯಾರು ಉಪ್ಸಾರಿಗೆ ಖಾರ ಬೇಡ ಅನ್ನುತ್ತಾರೆ, ಯಾರಿಗೆ ಒಂದು ಮುದ್ದೆ ಸಾಲದು. ಎರಡೂ ಅದೇ ಹದಿನೇಳು ಜನರ ಲೆಕ್ಕ. ಸಂಜೆ ಕೂಲಿ ಕೊಡುವಾಗ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಬೆನ್ನು ಬಗ್ಗಿಸಿ ನಾಟಿ ಹಾಕಿದ್ದು ಮಾತ್ರ ಹೆಂಗಸರೇ. ಊರಿನ ಮನೆಗಳಲ್ಲಿ ಕೇರಿಯಿಂದ ಬಂದವರಿಗೆ ಊಟ ಹಿತ್ತಲಲ್ಲಿ, ನೀರು ಮೇಲಿನಿಂದ. ಆಳು ಅನ್ನುವ ಪದವನ್ನು ಜಾತಿಯಿಂದ ಬಿಡಿಸಿ ನೋಡುತ್ತೇನೆ ಅನ್ನುವವರು ನಮ್ಮ ಹಳ್ಳಿಯ ಹಿತ್ತಲುಗಳನ್ನು ನೋಡಿಲ್ಲ. ಕೇರಿಯ ಮುದುಕರೊಬ್ಬರು ಗೌಡರ ಮನೆಯ ಹತ್ತು ವರ್ಷದ ಹುಡುಗನಿಗೂ “ಬಂದೆ ಬುದ್ಧಿ” ಅನ್ನುತ್ತಿದ್ದರು. ಆ ಹುಡುಗ ಅವರನ್ನು ಬಾರೋ, ಹೋಗೋ ಅನ್ನುತ್ತಿದ್ದ. ಬುದ್ಧಿ! ಒಂದೇ ಸಂಬೋಧನೆಯಲ್ಲಿ ಅರಿವನ್ನೆಲ್ಲ ಒಂದು ಕಡೆಗೆ ಎತ್ತಿ ಕೊಟ್ಟು, ಬರಿಯ ಮೈಯನ್ನು ಇನ್ನೊಂದು ಕಡೆಗೆ ಉಳಿಸಿಬಿಡುವ ಮಾತು.

ಆಳು ಅನ್ನುವ ಎರಡಕ್ಷರದಲ್ಲಿ ಸೇವಕನೂ ಇದ್ದಾನೆ, ಅರಸನೂ ಇದ್ದಾನೆ. ನಾಡನ್ನು ಆಳು, ಮನೆಯ ಆಳು. ನಿಘಂಟುಗಳು ಇವನ್ನು ಬೇರೆ ಬೇರೆ ಪದಗಳೆಂದು ಬಿಡಿಸಿ ಇಡುತ್ತವೆ, ಬಾಯಿ ಬಿಡಿಸುವುದಿಲ್ಲ. ನಮ್ಮ ಹಳ್ಳಿಯ ನಾಲಗೆಯ ಮೇಲೆ ಇನ್ನೊಂದು ಅರ್ಥವೂ ಬಂದು ಸೇರುತ್ತದೆ. ಮೈಸೂರು ಸೀಮೆಯ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹೋದ ಅನ್ನುವುದು ಓದ ಆಗುತ್ತದೆ, ಹಾಲು ಆಲಾಗುತ್ತದೆ, ಹಾಳು ಆಳಾಗುತ್ತದೆ. ‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬ ಗಾದೆಯನ್ನು ನಮ್ಮೂರಿನವರ ಬಾಯಲ್ಲಿ ಕೇಳಿದರೆ ಕೊನೆಯ ಆಳು, ಹಾಳು ಎರಡೂ ಒಂದೇ ಆಗಿಬಿಟ್ಟಿರುತ್ತವೆ. ಈ ಗಾದೆಯ ಮೇಲೆ ನನಗೆ ಕೋಪವಿದೆ. ಕನ್ನಂಬಾಡಿ ಕಟ್ಟೆಯನ್ನು, ಬಯಲಿನ ನಾಲೆಗಳನ್ನು, ನಮ್ಮ ನಾಲ್ಕೂ ತಾಲ್ಲೂಕಿನ ಗದ್ದೆ ತೆವರಿಗಳನ್ನು ಕಟ್ಟಿದವರು ಆಳುಗಳು. ಅವು ಹಾಳಾಗದೆ ನಿಂತಿವೆ.

ಒಂದು ಸಂಗತಿಯನ್ನು ಯಾರು ಬೇಕಾದರೂ ಕಿವಿಗೊಟ್ಟು ಪರೀಕ್ಷಿಸಬಹುದು. ಆಳು ಅನ್ನುವುದು ಕರೆಯುವವನ ಮಾತು, ಹೋಗುವವನದಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ಹೆಂಗಸನ್ನು ಎಲ್ಲಿಗವ್ವ ಎಂದು ಕೇಳಿ. “ಕೂಲಿಗೆ ಒಯ್ತಾವ್ನಿ” ಅನ್ನುತ್ತಾಳೆ, “ಕೆಲಸಕ್ಕೆ ಒಯ್ತಾವ್ನಿ” ಅನ್ನುತ್ತಾಳೆ, “ಸೊಪ್ಪು ಕಟ್ಟಕ್ಕೆ” ಅನ್ನುತ್ತಾಳೆ. ಆಳಾಗಿ ಹೋಗುತ್ತಿದ್ದೇನೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ತನ್ನನ್ನು ಅವಳು ಗುರುತಿಸಿಕೊಳ್ಳುವುದು ಕೂಲಿಯಿಂದ, ಕೆಲಸದಿಂದ. ಬೇರೆಯವರು ಅವಳನ್ನು ಎಣಿಸುವುದು ಆಳಿನಿಂದ. ಕಚೇರಿಗಳಲ್ಲೂ ಇದೇ. ‘ನನ್ನ ಕೈಕೆಳಗೆ ಹತ್ತು ಜನ ಇದ್ದಾರೆ’ ಅನ್ನುವವರು ಬೇಕಾದಷ್ಟು. ‘ನಾನು ಇಂಥವರ ಕೈಕೆಳಗಿದ್ದೇನೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಅಪರೂಪ. ಕೈಕೆಳಗಿರುವವರು ಹೇಳುವುದು, ‘ನಾನು ಲೆಕ್ಕಪತ್ರ ನೋಡ್ತೀನಿ’, ‘ರೆಕಾರ್ಡ್ ರೂಮಿನಲ್ಲಿದೀನಿ’.

ಹಾಗಾದರೆ ಆಳು ಅನ್ನುವ ಪದವೇ ಕೆಟ್ಟದ್ದೇ? ನನಗೆ ಹಾಗನ್ನಿಸಿಲ್ಲ. ಪದದ ಗುಣ ಗೊತ್ತಾಗುವುದು ಅದರ ಪಕ್ಕದಲ್ಲಿ ಬಂದು ನಿಲ್ಲುವ ಕ್ರಿಯಾಪದದಿಂದ. ನಮ್ಮಲ್ಲಿ ಆಳು ಕರೆಯುತ್ತೇವೆ, ಆಳು ಇಟ್ಟುಕೊಳ್ಳುತ್ತೇವೆ. ಕರೆದ ಆಳು ಬರುತ್ತಾನೆ, ದುಡಿಯುತ್ತಾನೆ, ಹೊತ್ತು ಮುಳುಗಿದರೆ ತನ್ನ ಮನೆಗೆ ಹೋಗುತ್ತಾನೆ. ನಾಳೆ ಬರುವುದಿಲ್ಲ ಅನ್ನುವ ಸ್ವಾತಂತ್ರ್ಯ ಅವನ ಜೊತೆಯಲ್ಲೇ ಹೋಗುತ್ತದೆ. ಇಟ್ಟುಕೊಂಡ ಆಳು ಹೋಗುವುದಿಲ್ಲ. ಕೊಟ್ಟಿಗೆಯ ಪಕ್ಕದಲ್ಲೇ ಮಲಗುತ್ತಾನೆ, ದನಕ್ಕಿಂತ ಮೊದಲು ಏಳುತ್ತಾನೆ. ಹಸು ಇಟ್ಟಿದ್ದೇವೆ, ಎತ್ತು ಇಟ್ಟಿದ್ದೇವೆ, ಆಳು ಇಟ್ಟಿದ್ದೇವೆ. ಒಂದೇ ಕ್ರಿಯಾಪದ ಮೂವರಿಗೂ ಸಾಲುತ್ತದೆ. ಪಕ್ಕದಲ್ಲಿ ‘ನಮ್ಮ’ ಅನ್ನುವ ಮಾತು ಸೇರಿತೋ, ಪ್ರೀತಿಯೂ ಒಡೆತನವೂ ಒಂದರೊಳಗೊಂದು ಬೆರೆತು ಬಿಡಿಸಲು ಬರುವುದಿಲ್ಲ.

ಕರೆಯುವುದರಲ್ಲೂ ಒಂದು ಬಗೆ ಇದೆ. ಅದರ ಹೆಸರೇ ಚೆಂದ: ಮುಯ್ಯಾಳು. ಈ ದಿನ ನಿಮ್ಮ ಮನೆಯವರು ನಮ್ಮ ಗದ್ದೆಗೆ ಬಂದರೆ ಇನ್ನೊಂದು ದಿನ ನಮ್ಮ ಮನೆಯವರು ನಿಮ್ಮ ಗದ್ದೆಗೆ. ದುಡ್ಡಿಲ್ಲ, ಕೂಲಿಯಿಲ್ಲ, ಮುಯ್ಯಿಗೆ ಮುಯ್ಯಿ. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ನೆನಪಿಟ್ಟು ತೀರಿಸುವಂತೆ ಬೆವರನ್ನೂ ತೀರಿಸುತ್ತಾರೆ. ಮುಯ್ಯಾಳಿಗೆ ಹೋದವರನ್ನು ಯಾರೂ ಏಕವಚನದಲ್ಲಿ ಗದರುವುದಿಲ್ಲ, ಊಟಕ್ಕೆ ಹಿತ್ತಲಿಗೆ ಕಳಿಸುವುದಿಲ್ಲ. ಇಲ್ಲಿರುವುದೂ ಅದೇ ಆಳು; ಆದರೆ ಇವತ್ತಿನ ಆಳು ನಾಳೆಯ ಒಡೆಯ, ಇವತ್ತಿನ ಒಡೆಯ ನಾಳೆಯ ಆಳು. ಮುಯ್ಯಾಳು ನಡೆಯುತ್ತಿದ್ದದ್ದು ಹೆಚ್ಚಾಗಿ ಭೂಮಿಯಿದ್ದವರ ನಡುವೆ, ಒಂದೇ ಜಾತಿಯ ಮನೆಗಳ ನಡುವೆ ಅನ್ನುವುದು ನಿಜ. ಭೂಮಿಯೇ ಇಲ್ಲದವನು ಯಾವ ಗದ್ದೆಗೆ ಮುಯ್ಯಿ ಕರೆಯಬೇಕು?

ಇಟ್ಟುಕೊಳ್ಳುವುದರ ಕೊನೆಯ ಮೆಟ್ಟಿಲು ಜೀತ. ನೂರೋ ಇನ್ನೂರೋ ಮುಂಗಡ, ಮಗಳ ಮದುವೆಗೋ ಹೆಂಡತಿಯ ಕಾಯಿಲೆಗೋ. ಅದು ತೀರುವವರೆಗೆ ಅಪ್ಪ, ಅಪ್ಪನಿಗೆ ವಯಸ್ಸಾದರೆ ಮಗ. ಯುಗಾದಿಯಿಂದ ಯುಗಾದಿಗೆ ಮಾತು. ಯುಗಾದಿ ಬಂದಾಗ ಸಾಲ ಇನ್ನಷ್ಟು ಬೆಳೆದಿರುತ್ತಿತ್ತು. ಜೀತ ಅನ್ನುವುದು ಜೀವಿತದ ತದ್ಭವ. ಬದುಕಿಗೆಂದು ಕೊಡುವ ಆದಾಯ ಅನ್ನುವುದು ಅದರ ಹಳೆಯ ಅರ್ಥ. ತೆಲುಗಿನಲ್ಲಿ ಇವತ್ತಿಗೂ ಜೀತಂ ಅಂದರೆ ತಿಂಗಳ ಸಂಬಳ. ಹೈದರಾಬಾದಿನಲ್ಲಿ ಎಂಜಿನಿಯರುಗಳು ಯಾವ ಮುಜುಗರವೂ ಇಲ್ಲದೆ ಜೀತ ಎಷ್ಟು ಎಂದು ಮಾತಾಡಿಕೊಳ್ಳುತ್ತಾರೆ. ಆ ಪದ ನಮ್ಮಲ್ಲಿ ಹೇಗೆ ಇಷ್ಟು ಕತ್ತಲಾಯಿತು ಅನ್ನುವುದಕ್ಕೆ ನಮ್ಮ ಹಳ್ಳಿಗಳ ಕೊಟ್ಟಿಗೆಗಳೇ ಸಾಕ್ಷಿ. ಸಂಬಳ ಹೋಯಿತು, ಕಟ್ಟು ಉಳಿಯಿತು.

ಜೀತ ಪದ್ಧತಿಯನ್ನು 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ರದ್ದು ಮಾಡಿತು. 1976ರಲ್ಲಿ ಅದು ಕಾಯ್ದೆಯಾಯಿತು. ಆಗ ಕರ್ನಾಟಕದ ಮುಖ್ಯಮಂತ್ರಿ ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಅರಸು ಎಂಬ ಹೆಸರಿನ ಮನುಷ್ಯ ಆಳುಗಳ ಕಡೆ ತಿರುಗಿ ನೋಡಿದ್ದು ನಮ್ಮ ಸೀಮೆಯವರು ಇವತ್ತಿಗೂ ಮರೆಯದ ಮಾತು. 1974ರ ಭೂಸುಧಾರಣೆ ಗೇಣಿದಾರನನ್ನು ಭೂಮಾಲೀಕನನ್ನಾಗಿ ಮಾಡಿತು. 1976ರ ಋಣ ಪರಿಹಾರ ಕಾಯ್ದೆ ಬಡವನ ಕೈಸಾಲವನ್ನು ಕಡಿದುಹಾಕಿತು. ಅದೇ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇವೆಲ್ಲ ದೊಡ್ಡ ಕೆಲಸಗಳೆಂದು ನಾನು ನಂಬುವುದಕ್ಕೆ ಕಾರಣವಿದೆ. ಹೆಸರು ಬದಲಾಯಿಸಿ ಸುಮ್ಮನಾಗದೆ ಅವು ಕ್ರಿಯಾಪದಕ್ಕೇ ಕೈ ಹಾಕಿದವು. ಹೊರು ಅನ್ನುವುದನ್ನು ನಿಲ್ಲಿಸಿದವು, ಇಟ್ಟುಕೊ ಅನ್ನುವುದನ್ನು ಅಪರಾಧ ಮಾಡಿದವು. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಉಳುವವನೇ ಹೊಲದೊಡೆಯ ಅನ್ನುವಾಗ ಉಳುವವನು ಅಂದರೆ ಗೇಣಿಯ ದಾಖಲೆಯಿದ್ದವನು. ನೇಗಿಲು ಹಿಡಿದು ನಿಜವಾಗಿ ಉತ್ತ ಆಳಿಗೆ ವಾಸದ ಮನೆಯ ಜಾಗದ ಹಕ್ಕು ಬಂತು, ಹೊಲ ಬರಲಿಲ್ಲ.

ಕಾಯ್ದೆ ಬಂದು ದಶಕಗಳು ಕಳೆದ ಮೇಲೂ ಎಚ್.ಡಿ. ಕೋಟೆ ಕಡೆ ಜೀತದಾಳುಗಳನ್ನು ಒಬ್ಬೊಬ್ಬರನ್ನಾಗಿ ಗುರುತಿಸಿ, ಅರ್ಜಿ ಬರೆದು, ಕಚೇರಿ ಬಾಗಿಲಿಗೆ ಕರೆದುತಂದವರು ‘ಜೀವಿಕ’ ಸಂಘಟನೆಯವರು. ಜೀತ ವಿಮುಕ್ತಿ ಕರ್ನಾಟಕ ಅನ್ನುವುದು ಆ ಹೆಸರಿನ ಪೂರ್ಣರೂಪ. ಬಿಡುಗಡೆ ಪತ್ರಕ್ಕೆ ಉಪವಿಭಾಗಾಧಿಕಾರಿಯ ಸಹಿ ಬೇಕು. 2016ರ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ, ತೀರ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದರು. ಆ ವಿಚಾರಣೆಗಳಲ್ಲಿ ಎಲ್ಲವೂ ತೂಗುವುದು ಒಂದು ಪ್ರಶ್ನೆಯ ಮೇಲೆ. ಇವನು ಜೀತದಾಳೋ, ಸಂಬಳದಾಳೋ? ಮಾಲೀಕ ಹೇಳುತ್ತಾನೆ: ನಮ್ಮ ಮನೆಮಗನ ಹಾಗೆ ಇದ್ದ, ಊಟ ಬಟ್ಟೆ ಎಲ್ಲ ನಮ್ಮದೇ. ಇದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಆ ಮಗನಿಗೆ ಮನೆ ಬಿಟ್ಟು ಹೋಗುವ ದಾರಿಯಿತ್ತೇ ಅನ್ನುವುದಷ್ಟೇ ಕಾನೂನಿಗೆ ಬೇಕಾದದ್ದು.

ಮನೆಮಗ ಅನ್ನುವ ಮಾತು ಬಂದಾಗಲೆಲ್ಲ ನನಗೆ ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲು ನೆನಪಾಗುತ್ತದೆ. 9ನೆಯ ಶತಮಾನದ್ದು. ಗಂಗರ ದೊರೆ ನೀತಿಮಾರ್ಗ ಸಾಯುತ್ತ ಮಲಗಿದ್ದಾನೆ. ಪಕ್ಕದಲ್ಲಿ ಕುಳಿತಿರುವವನು ಅವನ ಸೇವಕ ಅಗರಯ್ಯ. ಶಾಸನ ಅವನನ್ನು ಕರೆಯುವುದು ಮನೆಮಗ ಅನ್ನುವ ಅರ್ಥದ ಪದದಿಂದಲೇ. ದೊರೆ ಸತ್ತಾಗ ಅಗರಯ್ಯ ಕೀಳ್ಗುಂಟೆಯಾದ, ಅಂದರೆ ಒಡೆಯನ ಕೆಳಗೆ ತಾನೂ ಮಣ್ಣಾದ. ಕೈಕೆಳಗಿನವನು ಅನ್ನುವುದರ ಅಕ್ಷರಶಃ ಅರ್ಥ ಇದಕ್ಕಿಂತ ಮುಂದೆ ಹೋಗಲಾರದು. ಒಡೆಯನ ಅನ್ನ ಉಂಡ ಋಣಕ್ಕೆ ನಮ್ಮ ಹಿರಿಯರು ಜೋಳವಾಳಿ ಎಂದರು, ಅವನ ಜೊತೆ ಸಾಯುವ ವ್ರತಕ್ಕೆ ವೇಳೆವಾಳಿ ಎಂದರು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇವನ್ನೆಲ್ಲ ಹುಡುಕಿ ಜೋಡಿಸಿ ಇಟ್ಟಿದ್ದಾರೆ. ಆ ಕಾಲದಲ್ಲಿ ಆಳು ಅಂದರೆ ಕತ್ತಿ ಹಿಡಿದ ವೀರ. ಅದರ ನೆರಳು ಕಟ್ಟಾಳು ಅನ್ನುವ ಮಾತಿನಲ್ಲಿ ಇನ್ನೂ ಉಳಿದಿದೆ. ಬಂಟ ಅನ್ನುವ ಪದವೂ ಅಂಥದ್ದೇ. ಸೇವಕನ ಹೆಸರಾಗಿದ್ದದ್ದು ಕರಾವಳಿಯಲ್ಲಿ ಒಂದು ಸಮುದಾಯ ತಲೆಯೆತ್ತಿ ಹೇಳಿಕೊಳ್ಳುವ ಹೆಸರಾಗಿ ನಿಂತಿದೆ. ಭೂಮಿ, ಕತ್ತಿ, ಮಾನ ಕೈಯಲ್ಲಿದ್ದರೆ ಪದ ಮೇಲೇಳುತ್ತದೆ. ಅಗರಯ್ಯನ ನಿಷ್ಠೆಯ ಮುಂದೆ ತಲೆಬಾಗುತ್ತೇನೆ. ಆದರೆ ಅಂಥ ನಿಷ್ಠೆಯನ್ನು ಇನ್ನೊಬ್ಬರಿಂದ ಬಯಸುವ ಹಕ್ಕು ಯಾವ ಒಡೆಯನಿಗೂ ಇಲ್ಲ.

ಹೊಲದಿಂದ ಕಚೇರಿಗೆ ಬರೋಣ. ನಾನು ಬೇರೆ ಬೇರೆ ಊರುಗಳ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿದವನು. ಕಡತದ ಕನ್ನಡದಲ್ಲಿ ಅಧೀನ ನೌಕರ, ಕೆಳಹಂತದ ಸಿಬ್ಬಂದಿ. ಬಾಯಿಮಾತಿನಲ್ಲಿ ‘ನಮ್ಮ ಹುಡುಗ’. “ನಮ್ ಹುಡುಗನ ಕೈಲಿ ಕಳಿಸ್ತೀನಿ” ಅಂದಾಗ ಕಡತ ಹಿಡಿದು ಬರುವ ಆ ಹುಡುಗನಿಗೆ ಐವತ್ತೆಂಟು ವಯಸ್ಸು, ಇನ್ನೆರಡು ವರ್ಷಕ್ಕೆ ನಿವೃತ್ತಿ, ಮನೆಯಲ್ಲಿ ಮೊಮ್ಮಕ್ಕಳು. ಪಾರಸಿಯಿಂದ ಬಂದ ಜವಾನ ಅನ್ನುವ ಪದದ ಅರ್ಥವೂ ತರುಣ. ಗಡಿಯಲ್ಲಿ ನಿಂತವನಿಗೆ ಅದು ಗೌರವ, ಸಾಹೇಬರ ಬಾಗಿಲಲ್ಲಿ ನಿಂತವನಿಗೆ ದರ್ಜೆ. ಮನೆಮಗ, ಹುಡುಗ, ಜವಾನ: ಕೈಕೆಳಗಿನವರಿಗೆ ವಯಸ್ಸಾಗಲು ನಮ್ಮ ಭಾಷೆ ಬಿಡುವುದೇ ಇಲ್ಲ. ದೊಡ್ಡವನೆಂದು ಒಪ್ಪಿಕೊಂಡರೆ ಎದ್ದು ನಿಂತು ಮಾತಾಡಬೇಕಾದೀತು ಅನ್ನುವ ಅಳುಕು ಎಲ್ಲೋ ಒಳಗಿರಬೇಕು.

ಸರ್ಕಾರ ಹೆಸರುಗಳನ್ನು ಬದಲಾಯಿಸುತ್ತ ಬಂದಿದೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಪಟೇಲ, ಶಾನುಭೋಗರ ಜೊತೆ ತೋಟಿ, ತಳವಾರ, ನೀರುಗಂಟಿಯ ವಂಶಪಾರಂಪರ್ಯವೂ ಮುಗಿಯಿತು. ಆಮೇಲೆ ಗ್ರಾಮಲೆಕ್ಕಿಗ ಬಂದ. ಈಗ ಅವನು ಗ್ರಾಮ ಆಡಳಿತಾಧಿಕಾರಿ. ತೋಟಿ ತಳವಾರರ ಕೆಲಸಕ್ಕೆ ಬಂದವನು ಗ್ರಾಮ ಸಹಾಯಕ. ಜವಾನ ಗ್ರೂಪ್ ಡಿ ನೌಕರನಾದ. ಹೊಸ ಹೆಸರುಗಳು ಬೇಡವೆಂದು ನಾನು ಅನ್ನುವುದಿಲ್ಲ. ತೋಟಿ ಅನ್ನಿಸಿಕೊಂಡವನ ಮಗನಿಗೆ ಸಹಾಯಕ ಅನ್ನಿಸಿಕೊಳ್ಳುವುದರ ಬೆಲೆ ಗೊತ್ತು. ಆದರೆ ಒಂದು ಹೊಸ ಪದ ಮಾತ್ರ ನನ್ನನ್ನು ಕಾಡುತ್ತದೆ: ಹೊರಗುತ್ತಿಗೆ. ವರ್ಷಾನುಗಟ್ಟಲೆ ಕಚೇರಿಯ ಒಳಗೇ ಕೂತು ಕಂಪ್ಯೂಟರು ಒತ್ತುವ ಹುಡುಗಿ, ಬಾಗಿಲು ತೆರೆಯುವುದರಿಂದ ದೀಪ ಆರಿಸುವವರೆಗೆ ಅಲ್ಲೇ ಇರುವ ಸಹಾಯಕ, ಇವರಿಗೆ ‘ಹೊರಗಿನವರು’ ಎಂದು ಹೆಸರು. ದಿನಗೂಲಿಯವರಿಗಾದರೂ ತಮ್ಮ ಲೆಕ್ಕ ಸರ್ಕಾರದಲ್ಲೇ ಇದೆ ಅನ್ನುವ ಭರವಸೆಯಿತ್ತು. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟು, ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದು ಸಲದ ಅವಕಾಶವನ್ನಷ್ಟೇ ಉಳಿಸಿತು. ನಮ್ಮ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು ಒಂದಷ್ಟು ಜನರಿಗೆ ಅರವತ್ತು ವರ್ಷದವರೆಗೆ ನೆಲೆ ಕೊಟ್ಟಿತು. ಆಮೇಲೆ ಬಂದವರಿಗೆ ಉಳಿದದ್ದು ಏಜೆನ್ಸಿ.

ಹೆಸರು ಬದಲಾದರೂ ಬದಲಾಗದೆ ಉಳಿಯುವುದು ಪ್ರತ್ಯಯ. ಕನ್ನಡದಲ್ಲಿ ಒಬ್ಬನ ಬಗ್ಗೆ ಸುಮ್ಮನೆ ಒಂದು ವಾಕ್ಯ ಹೇಳಲು ಬರುವುದಿಲ್ಲ. ಬಂದ ಅನ್ನಬೇಕೋ ಬಂದರು ಅನ್ನಬೇಕೋ ನಿರ್ಧರಿಸಿಯೇ ಬಾಯಿ ತೆರೆಯಬೇಕು. ಸಾಹೇಬರು ಬಂದರು, ಗುಮಾಸ್ತರು ಬಂದರು, ಅಟೆಂಡರ್ ಬಂದ. ನೇಮಕಾತಿ ಆದೇಶದಲ್ಲಿ ಸಹಾಯಕ ಎಂದು ಬರೆದರೂ ‘ಬಂದ’ ಅನ್ನುವುದನ್ನು ‘ಬಂದರು’ ಮಾಡುವ ಆದೇಶವನ್ನು ಯಾವ ಇಲಾಖೆಯೂ ಹೊರಡಿಸಲಾರದು. ಅದು ಕೊಠಡಿಯಲ್ಲಿ ಕೂತವರ ನಾಲಗೆಗೆ ಬಿಟ್ಟದ್ದು. ಒಂದು ಕಚೇರಿಯಲ್ಲಿ ನನಗಿದ್ದ ಮೇಲಧಿಕಾರಿಣಿಯೊಬ್ಬರು ಎಲ್ಲರನ್ನೂ, ಕಸ ಗುಡಿಸಲು ಬರುತ್ತಿದ್ದ ಅಮ್ಮನವರಿಂದ ಹಿಡಿದು ಚಾಲಕರವರೆಗೆ, ಪೂರ್ತಿ ಹೆಸರು ಹಿಡಿದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಅವರು ಹಾಗೆ ಮಾಡಬೇಕೆಂದು ಯಾರಿಗೂ ಹೇಳಲಿಲ್ಲ. ಕೆಲವೇ ತಿಂಗಳಲ್ಲಿ ಸಿದ್ದ ಅನ್ನಿಸಿಕೊಳ್ಳುತ್ತಿದ್ದವರು ಎಲ್ಲರ ಬಾಯಲ್ಲೂ ಸಿದ್ದಯ್ಯನವರಾದರು. ಕತ್ತರಿಸಿದ್ದ ಹೆಸರಿನ ಬಾಲ ಮರಳಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಆ ಅಧಿಕಾರಿಣಿ ವರ್ಗವಾಗಿ ಹೋದ ಮೇಲೆ ಬಂದವರು ಮತ್ತೆ ಸಿದ್ದ ಅಂದರು. ಆದರೆ ಉಳಿದ ನಾವು ಯಾರೂ ಹಿಂದಿರುಗಲಿಲ್ಲ.

ಕೆಳಗಿರುವುದನ್ನು ಹೇಳದೆ ಕೆಲಸವನ್ನಷ್ಟೇ ಹೇಳುವ ಪದಗಳೂ ನಮ್ಮಲ್ಲಿ ಇವೆ. ಅವು ಕಿವಿಗೆ ಹಿತ. ನಾಲೆಯ ನೀರು ಬಿಡುವ ಸೌಡಿ, ಕೆರೆಯ ನೀರುಗಂಟಿ, ಕಾಡಿನ ವಾಚರ್. ಎಲ್ಲಕ್ಕಿಂತ ನನಗಿಷ್ಟ ಕಾವಾಡಿ. ಮತ್ತಿಗೋಡು, ಬಳ್ಳೆ, ದೊಡ್ಡಹರವೆ, ಭೀಮನಕಟ್ಟೆಯ ಆನೆ ಶಿಬಿರಗಳಲ್ಲಿ ಪ್ರತಿ ಆನೆಗೂ ಒಬ್ಬ ಮಾವುತ, ಒಬ್ಬ ಕಾವಾಡಿ. ಸೊಪ್ಪು ತರುವುದು, ಮೈ ತೊಳೆಯುವುದು, ರಾತ್ರಿ ಕಾಡಿಗೆ ಬಿಟ್ಟ ಆನೆಯ ಜಾಡು ಹಿಡಿದು ಬೆಳಗ್ಗೆ ಕರೆತರುವುದು ಕಾವಾಡಿಯ ಕೆಲಸ. ದರ್ಜೆಯಲ್ಲಿ ಅವನು ಮಾವುತನಿಗಿಂತ ಕೆಳಗೆ. ಹೆಸರಿನಲ್ಲಿ ಆ ಕೆಳಗು ಕಾಣುವುದಿಲ್ಲ. ಎಷ್ಟೋ ಕಡೆ ಅವನು ಮಾವುತನ ಮಗನೋ ತಮ್ಮನೋ ಆಗಿರುತ್ತಾನೆ, ನಾಳೆ ತಾನೇ ಮಾವುತನಾಗುವವನು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರೆಯ ಗಜಪಯಣ ಹೊರಡುವ ದಿನ ಮಂತ್ರಿಗಳು, ಅಧಿಕಾರಿಗಳು ಆನೆಗಳಿಗೆ ಹೂವೆರಚುತ್ತಾರೆ. ಕಾಲಿನ ಪಕ್ಕದಲ್ಲಿ ನಡೆಯುವ ಕಾವಾಡಿಯನ್ನು ಟಿವಿಯವರು ಮಾತಾಡಿಸುವುದು ಕಡಿಮೆ. ಬಳ್ಳೆಯ ಅರ್ಜುನ, ಎಂಟು ಸಲ ಅಂಬಾರಿ ಹೊತ್ತ ಆನೆ, 2023ರ ಡಿಸೆಂಬರ್ 4ರಂದು ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ನಾಡೆಲ್ಲ ಮರುಗಿತು. ಅಂಥ ಕಾರ್ಯಾಚರಣೆಗಳಲ್ಲಿ ಆನೆಯ ಮೇಲೆ ಕೂತು ಜೀವ ಒತ್ತೆಯಿಡುವ ಮಾವುತರ, ಕಾವಾಡಿಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಉದ್ಯೋಗ ಖಾತ್ರಿ ಬಂದಾಗ ಇನ್ನೊಂದು ಒಳ್ಳೆಯ ಹೆಸರು ಸೇರಿತು. ಕೂಲಿಕಾರರ ಗುಂಪನ್ನು ಸಂಘಟಿಸಿ ಹಾಜರಿ ನೋಡುವವರನ್ನು ಬೇರೆ ಕಡೆ ಮೇಟ್ ಅಂದರೆ ನಮ್ಮ ರಾಜ್ಯದಲ್ಲಿ ಕಾಯಕ ಬಂಧು ಎಂದು ಕರೆದರು. ಶರಣರ ಕಾಯಕ ಪಂಚಾಯ್ತಿಯ ಹಾಜರಿ ಪಟ್ಟಿಗೆ ಇಳಿದು ಬಂತು. ಹೆಸರಿಗಿಂತ ದೊಡ್ಡದು ಅದರ ಜೊತೆ ಬಂದ ಲೆಕ್ಕ. ಗಂಡಾಳಿಗೊಂದು ಹೆಣ್ಣಾಳಿಗೊಂದು ದರ ಅನ್ನುವುದು ಅಲ್ಲಿರಲಿಲ್ಲ. ಕೆರೆ ಹೂಳು ತೆಗೆದರೆ ಇಬ್ಬರಿಗೂ ಒಂದೇ. 2024-25ರಲ್ಲಿ ದಿನಕ್ಕೆ 349 ರೂಪಾಯಿ, ಅವರವರ ಬ್ಯಾಂಕ್ ಖಾತೆಗೆ. ಕೂಲಿ ಬರಲು ತಡವಾಗುತ್ತಿತ್ತು, ಕೆಲಸ ಕೊಡಲು ಸತಾಯಿಸುತ್ತಿದ್ದರು, ಎಲ್ಲ ನಿಜ. ಆದರೆ ಸರ್ಕಾರದ ಪುಸ್ತಕದಲ್ಲಿ ಗಂಡಿನ ಒಂದು ದಿನ, ಹೆಣ್ಣಿನ ಒಂದು ದಿನ ಸಮ ಎಂದು ಬರೆದದ್ದನ್ನು ಹೆಂಗಸರು ಓದಿಕೊಂಡರು. ಆಮೇಲೆ ಗೌಡರ ಗದ್ದೆಯಲ್ಲೂ ಅದೇ ಲೆಕ್ಕ ಕೇಳಲು ಬಾಯಿ ಬಂತು.

ಈಗ ನಾಲ್ಕೂ ತಾಲ್ಲೂಕಿನಲ್ಲಿ ಹೆಚ್ಚು ಕೇಳುವ ವಾಕ್ಯ “ಆಳೇ ಸಿಗಲ್ಲ” ಅನ್ನುವುದು. ಬ್ಯಾರನ್ನಿನ ಮುಂದೆ, ಸೊಸೈಟಿಯ ಜಗಲಿಯ ಮೇಲೆ, ಮದುವೆ ಮನೆಯಲ್ಲಿ, ಎಲ್ಲೆಲ್ಲೂ ಅದೇ ದೂರು. ಹರೆಯದವರು ಮೈಸೂರು, ನಂಜನಗೂಡಿನ ಕಾರ್ಖಾನೆಗಳಿಗೆ ಹೋದರು, ಹುಡುಗಿಯರನ್ನು ಬೆಳಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಕರೆದುಕೊಂಡು ಹೋಗುತ್ತದೆ, ಉಳಿದವರು ಕೊಡಗಿನ ಜೀಪು ಹತ್ತುತ್ತಾರೆ. ಬೆಲೆ ಇಲ್ಲದ ಬೆಳೆಯನ್ನು ನಂಬಿ ಕೂತ ಸಣ್ಣ ರೈತನ ಸಂಕಟ ನನಗೆ ತಿಳಿಯುತ್ತದೆ. ಎರಡೆಕರೆಯವನು ಕೂಲಿ ಕೊಟ್ಟು ಉಳಿಸುವುದೇನೂ ಇಲ್ಲ. ಆದರೂ ಆ ದೂರನ್ನು ಕೇಳಿದಾಗ ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚು. ಸಿಗದಿರುವುದು ಇಟ್ಟುಕೊಳ್ಳುವ ಆಳು. ಕರೆದರೆ ಬರುವವರು ಇದ್ದಾರೆ, ಅವರ ಮಾತಿನ ಮೇಲೆ.

ಕೆ.ಆರ್. ನಗರದ ಬಯಲಿನಲ್ಲಿ ಈಗ ನಾಟಿ ನಡೆಯುವುದು ಹೆಚ್ಚಾಗಿ ಹೆಂಗಸರ ಗುಂಪುಗಳಿಂದ. ದಿನದ ಲೆಕ್ಕವಿಲ್ಲ, ಆಳಿನ ಲೆಕ್ಕವಿಲ್ಲ. ಎಕರೆಗೆ ಇಷ್ಟು ಎಂದು ಗುತ್ತಿಗೆ. ಗುಂಪಿಗೊಬ್ಬಳು ಮುಂದಾಳು; ನೋಡಿ, ಆಳು ಇಲ್ಲೂ ಇದೆ, ಮುಂದೆ ನಿಂತಿದೆ. ಬಂದ ದುಡ್ಡನ್ನು ಸಮನಾಗಿ ಹಂಚಿಕೊಳ್ಳುತ್ತಾರೆ, ಆಟೋ ಬಾಡಿಗೆಯನ್ನು ಮೊದಲೇ ಮಾತಾಡುತ್ತಾರೆ. ಹೋದ ಸಲ ಊರಿಗೆ ಹೋಗಿದ್ದಾಗ ಅಣ್ಣ ಅಂಥ ಮುಂದಾಳಿಗೆ ಫೋನು ಮಾಡುತ್ತಿದ್ದ. ಒಟ್ಲು ಬಲಿಯುತ್ತಿದೆ, ನಾಳೆಯೇ ಬನ್ನಿ ಎಂದು ಬೇಡಿಕೊಳ್ಳುತ್ತಿದ್ದ. ಸ್ಪೀಕರಿನಲ್ಲಿ ಅವಳ ಮಾತು ಚೆನ್ನಾಗಿ ಕೇಳಿಸುತ್ತಿತ್ತು. “ನಾಳಿಕ್ಕಾಗಕ್ಕಿಲ್ಲ ಕಣಣ್ಣ. ಮಿರ್ಲೆ ಕಡೆ ಒಪ್ಕಂಡಿದೀವಿ, ಮಂಗಳವಾರದಗಂಟ ಅಲ್ಲೇ. ಬುಧವಾರ ಬೇಕಾದ್ರೆ ಬತ್ತೀವಿ, ಹನ್ನೊಂದ್ ಜನ. ಮಧ್ಯಾಹ್ನದ ಊಟ ನಿಮ್ದಾದ್ರೆ ಈಗ್ಲೇ ಹೇಳ್ಬುಡಿ, ನಾವು ಬುತ್ತಿ ಕಟ್ಟಲ್ಲ.” ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ತಲೆಯಾಡಿಸಿದಳು. “ಆಯ್ತು ಬನ್ರವ್ವ, ಊಟ ನಮ್ದೇ” ಅಂದ. ಬುಧವಾರ ನಾಟಿಯಾಯಿತು.